ಹಿತ್ತಲಿನ ಹಿಪ್ಪುನೇರಳೆ

"ನಿಮ್ಮ ಊರಿನ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಎರಡು ಸಲ ಫೋನ್ ಮಾಡಿದ್ದರು. ಬರ್ಲಿಂಗ್ಟನ್ ಬಗ್ಗೆ ಬರೆಯುವುದಕ್ಕೆ ಏನಿದೆ, ಸರೋವರ ಇದೆ, ಹೆದ್ದಾರಿಯ ಟ್ರಾಫಿಕ್ ಇದೆ ಎಂದು ನಕ್ಕು ಸುಮ್ಮನಾಗಿದ್ದೆವು. ಆದರೆ ಈ ಸಲ ಹಿತ್ತಲಿನ ಒಂದು ಮರ ಕಡಿಸಬೇಕಾಗಿ ಬಂತು. ಆ ಕಥೆಯನ್ನೇ ಬರೆದು ಕಳಿಸುತ್ತಿದ್ದೇವೆ.

ಆಲ್ಡರ್‌ಶಾಟ್ ಕಡೆ ನಾವು ಮನೆ ಕೊಂಡಾಗಲೇ ಫೆನ್ಸ್ ಪಕ್ಕ ಆ ಮರ ಇತ್ತು. ಬೇಸಿಗೆಯಲ್ಲಿ ಕಪ್ಪು ಹಣ್ಣು ಉದುರಿಸಿ ಡ್ರೈವ್‌ವೇ ತುಂಬ ಕಲೆ ಮಾಡುತ್ತಿತ್ತು. ಮಕ್ಕಳು ಚಪ್ಪಲಿಯಲ್ಲಿ ಮೆತ್ತಿಕೊಂಡು ಕಾರ್ಪೆಟ್ ಮೇಲೆ ಬರುತ್ತಿದ್ದರು. ಯಾವುದೋ ಕಾಡುಮರ ಅಂದುಕೊಂಡಿದ್ದೆವು. ಮಕ್ಕಳ ತಾತ ಊರಿನಿಂದ ಬಂದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವರು ಒಂದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ ನೋಡಿ, "ಅಯ್ಯೋ, ಇದು ರೇಷ್ಮೆ ಸೊಪ್ಪು ಕಣ್ರೋ! ಇದನ್ನ ಇಟ್ಕೊಂಡು ಸುಮ್ನೆ ಕೂತಿದೀರಲ್ಲ!" ಅಂದರು.

ತಾತ ಚನ್ನಪಟ್ಟಣದ ಹತ್ತಿರದ ಹಳ್ಳಿಯವರು. ನಲವತ್ತು ವರ್ಷ ಹುಳು ಸಾಕಿದವರು. ಮನೆಯ ನಡುಮನೆಯಲ್ಲೇ ತಟ್ಟೆಗಳು, ರಾತ್ರಿಯೆಲ್ಲ ಹುಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಬಂದ ಹಾಗೆ. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವಂತಿರಲಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಮಕ್ಕಳಿಗೆ ಸ್ಕೂಲಿಗೆ ರಜೆ. ನಮ್ಮಲ್ಲೊಬ್ಬರು ಇಂಜಿನಿಯರಿಂಗ್ ಓದಿದ್ದು, ಆಮೇಲೆ ಇಲ್ಲಿಗೆ ಬಂದದ್ದು, ಎಲ್ಲ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಎಣಿಸಿದ ದುಡ್ಡಿನಿಂದ. ಹಾಗಾಗಿ ಆ ಬೇಸಿಗೆಯಿಂದ ಆ ಮರ ನಮ್ಮ ಮನೆಯ ಮರವಾಯಿತು. ತಾತ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹಣ್ಣಿನ ಕಲೆಯ ಬಗ್ಗೆ ಮಾತಾಡುವುದನ್ನು ಬಿಟ್ಟೆವು.

ಎರಡನೆಯ ಸಲ ಅವರು ಬಂದಾಗ ಎಲ್ಲರೂ ರಾಯಲ್ ಬೊಟಾನಿಕಲ್ ಗಾರ್ಡನ್ಸ್‌ನ ಹೆಂಡ್ರಿ ಕಣಿವೆಗೆ ನಡೆದು ಹೋಗಿದ್ದೆವು. ಅಂಗೈಯಲ್ಲಿ ಕಾಳು ಇಟ್ಟುಕೊಂಡು ನಿಂತರೆ ಪುಟ್ಟ ಹಕ್ಕಿಗಳು ಬಂದು ಕೂರುವ ಜಾಗ, ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ದಾರಿಯಲ್ಲಿ ಸಿಕ್ಕ ಹಿರಿಯ ಹೆಂಗಸೊಬ್ಬರಿಗೆ ತಾತ ನಮ್ಮ ಮುಖಾಂತರ ತಮ್ಮ ಮರದ ಕಥೆ ಹೇಳಿದರು. ಆಕೆ ನಕ್ಕು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮರ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಹತ್ತು ನಿಮಿಷದ ನಡಿಗೆ ಎಂದೆವು. ಆಕೆಯ ಮುಖ ಯಾಕೆ ಸಪ್ಪಗಾಯಿತೆಂದು ಆಮೇಲೆ ಓದಿ ತಿಳಿದುಕೊಂಡೆವು.

ಈ ನೆಲದ್ದೇ ಆದ ಕೆಂಪು ಹಿಪ್ಪುನೇರಳೆ ಎಂಬ ಮರವೊಂದಿದೆ. ಕೆನಡಾದಲ್ಲಿ ಅದು ಉಳಿದಿರುವುದು ದಕ್ಷಿಣ ಒಂಟಾರಿಯೋದ ಕೆಲವೇ ಕಡೆ: ಪಾಯಿಂಟ್ ಪೀಲಿ, ನಯಾಗರ, ನಮ್ಮ ಹ್ಯಾಮಿಲ್ಟನ್-ಬರ್ಲಿಂಗ್ಟನ್ ಸುತ್ತ. ಅಳಿವಿನ ಅಂಚಿನ ಗಿಡಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದಕ್ಕೆ ಕಾಯಿಲೆ, ಕೊಡಲಿ ಎಲ್ಲ ಇದ್ದರೂ ದೊಡ್ಡ ಭಯ ಬೇರೆ. ಚೀನಾ ಮೂಲದ ಬಿಳಿ ಹಿಪ್ಪುನೇರಳೆಯ ಜೊತೆ ಅದು ಬೆರೆತುಹೋಗುತ್ತಿದೆ. ಬಿಳಿಯದನ್ನು ಈ ಖಂಡಕ್ಕೆ ತಂದದ್ದು ರೇಷ್ಮೆಯ ಆಸೆಯಿಂದಲೇ. 1830ರ ದಶಕದಲ್ಲಿ ಅಮೆರಿಕದಲ್ಲಿ ಹಿಪ್ಪುನೇರಳೆ ಸಸಿಗೆ ಹುಚ್ಚು ಬೆಲೆ ಬಂದು, 1839ರಲ್ಲಿ ಕುಸಿದು, ಜನ ಕೈ ಸುಟ್ಟುಕೊಂಡರು. ರೇಷ್ಮೆ ನಿಲ್ಲಲಿಲ್ಲ, ಮರ ನಿಂತಿತು. ಹೆಸರು ಬಿಳಿಯಾದರೂ ಹಣ್ಣು ಕಪ್ಪಾಗಿರಬಹುದು, ಆದ್ದರಿಂದ ಹಣ್ಣು ನೋಡಿ ಗುರುತು ಹಿಡಿಯಲಾಗದು. ಕೆಂಪಿನ ಎಲೆ ಮೇಲ್ಗಡೆ ಒರಟು, ಕೆಳಗಡೆ ಪೂರ್ತಿ ನವಿರು ಕೂದಲು. ಬಿಳಿಯದು ನುಣುಪು, ಹೊಳಪು. ಬೆರಕೆಯದು ಎರಡರ ಮಧ್ಯೆ ಎಲ್ಲಿ ಬೇಕಾದರೂ ಇರಬಹುದು.

ಅಲ್ಲಿಗೆ ಡಿ.ಎನ್.ಎ. ಬಂತು. ಗ್ವೆಲ್ಫ್ ವಿಶ್ವವಿದ್ಯಾಲಯದ ಕೆವಿನ್ ಬರ್ಜೆಸ್, ಬ್ರಯನ್ ಹಸ್ಬಂಡ್ ಮತ್ತು ಸಂಗಡಿಗರು ದಕ್ಷಿಣ ಒಂಟಾರಿಯೋದ ಮರಗಳ ಎಲೆ ತಂದು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಎಲೆಯ ಜೀವಕೋಶದಲ್ಲಿ ಎರಡು ಲೆಕ್ಕಪುಸ್ತಕಗಳಿವೆ ಅನ್ನಿ. ಕೋಶಕೇಂದ್ರದ ಡಿ.ಎನ್.ಎ. ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಹಸಿರು ಕಣಗಳಲ್ಲಿರುವುದು ತಾಯಿಯ ಕಡೆಯಿಂದ ಮಾತ್ರ. ಎರಡನ್ನೂ ತಾಳೆ ನೋಡಿದರೆ ಮರ ಬೆರಕೆಯೋ ಅಲ್ಲವೋ, ಬೆರಕೆಯಾದರೆ ತಾಯಿಯ ಕಡೆ ಯಾವುದು ಎಂದು ತಿಳಿಯುತ್ತದೆ. ನೋಡಿದ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆರಕೆ, ಅವುಗಳಲ್ಲೂ ಹೆಚ್ಚಿನವು ಬಿಳಿಯ ಕಡೆಗೆ ವಾಲಿದ್ದವು. ಕೆಂಪು ಮರಗಳು ಕೈಬೆರಳೆಣಿಕೆಯಷ್ಟು, ಸುತ್ತ ಬಿಳಿಯವು ನೂರಾರು. ಗಾಳಿಯಲ್ಲಿ ಬರುವ ಪರಾಗವೆಲ್ಲ ಅವುಗಳದ್ದೇ. ಬಿಳಿ ಹಿಪ್ಪುನೇರಳೆಯ ಹೂವು ಪರಾಗವನ್ನು ಶಬ್ದದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಚಿಮ್ಮಿಸುತ್ತದೆಂದು 2006ರಲ್ಲಿ ಅಳೆದಿದ್ದಾರೆ. ನಮ್ಮ ಪಾಪದ ಮರ ಅಷ್ಟು ಜೋರಿನದೆಂದು ಯಾರಿಗೆ ಗೊತ್ತಿತ್ತು! ನಮ್ಮದು ಹಣ್ಣು ಬಿಡುವ ಮರ. ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ನೇರ ಕಣಿವೆಗೆ ಒಯ್ಯುತ್ತವೆ.

ಊಟದ ಟೇಬಲ್ಲಿನಲ್ಲಿ ಇದನ್ನೆಲ್ಲ ಹೇಳಿದಾಗ ಹನ್ನೊಂದನೆಯ ಗ್ರೇಡಿನ ಮಗಳು, "ಹಾಗಾದ್ರೆ ನಾವೂ ಹೊರಗಿನಿಂದ ಬಂದೋರೇ ತಾನೇ? ನಮ್ಮನ್ನೂ ಕಡೀಬೇಕಾ?" ಅಂದಳು. ಮನುಷ್ಯರೆಲ್ಲ ಒಂದೇ ಜಾತಿ ಕಣೇ, ಇದು ಎರಡು ಬೇರೆ ಮರದ ಮಾತು ಎಂದೆವು. ಉತ್ತರ ಸರಿಯಾಗಿಯೇ ಇತ್ತು. ಆದರೂ ಆ ರಾತ್ರಿ ಇಬ್ಬರಿಗೂ ಬೇಗ ನಿದ್ದೆ ಬರಲಿಲ್ಲ.

ನಮಗೆ ಗೋಜಲಾದದ್ದು ಇನ್ನೊಂದು. ಊರಿನಲ್ಲಿ ಬೆರಕೆಯಿಂದಲೇ ನಮ್ಮ ಅನ್ನ. ತಾತ ಸಾಕುತ್ತಿದ್ದದ್ದು ಮಿಶ್ರ ತಳಿ: ತಾಯಿ ನಮ್ಮ ಮೈಸೂರು ತಳಿ, ಕಾಯಿಲೆ ಬಿಸಿಲು ತಡೆಯುವಂಥದ್ದು, ತಂದೆ ಹೆಚ್ಚು ನೂಲು ಕೊಡುವ ದ್ವಿತಳಿ. ರೇಷ್ಮೆ ಹುಳುವೂ ಮೆಂಡಲನ ನಿಯಮದಂತೆ ನಡೆಯುತ್ತದೆಂದು ಜಪಾನಿನ ತೋಯಾಮ 1906ರಲ್ಲೇ ತೋರಿಸಿದ್ದ. ಸೊಪ್ಪೂ ಹಾಗೆಯೇ. ಚನ್ನಪಟ್ಟಣದ ಪಕ್ಕದ ಕಣ್ವ ಫಾರಂನಲ್ಲಿ ಬೀಜದ ಸಸಿಗಳಿಂದ ಆರಿಸಿದ ಕಣ್ವ-2, ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಎರಡು ತಳಿ ಕೂಡಿಸಿ 1997ರಲ್ಲಿ ಕೊಟ್ಟ ವಿ-1. ಅಲ್ಲಿ ಬೆರಕೆ ವರವಾದರೆ ಇಲ್ಲಿ ಯಾಕೆ ಶಾಪ?

ಭಾನುವಾರ ಫೋನಿನಲ್ಲಿ ತಾತನನ್ನೇ ಕೇಳಿದೆವು. ಮರ ಕಡಿಸುವ ಮಾತು ಹೇಗೆ ಎತ್ತುವುದೆಂದು ಮೂರು ವಾರ ಮುಂದೂಡಿದ್ದೆವು. ಅವರು ಎಲ್ಲ ಕೇಳಿ, "ಕೆಂಪು ಮರಕ್ಕೆ ಬಿತ್ತನೆ ಪ್ರದೇಶ ಅಂತ ಏನಾದ್ರೂ ಮಾಡವ್ರಾ?" ಅಂದರು. ನಮಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಿಶ್ರ ಹುಳುವಿನ ಮೊಟ್ಟೆಯನ್ನು ರೈತ ಮತ್ತೆ ಸಾಕುವುದಿಲ್ಲ, ಮುಂದಿನ ಪೀಳಿಗೆ ಚೆಲ್ಲಾಪಿಲ್ಲಿಯಾಗುತ್ತದೆ. ಪ್ರತಿ ಬೆಳೆಗೂ ಹೊಸದಾಗಿ ಕೂಡಿಸಬೇಕು. ಅದಕ್ಕೆ ಕುಣಿಗಲ್ ಕಡೆ ಶುದ್ಧ ಮೈಸೂರು ತಳಿಯನ್ನೇ ಸಾಕಿ ಬಿತ್ತನೆ ಗೂಡು ಕೊಡುವ ರೈತರಿದ್ದಾರೆ. ಸೊಪ್ಪಿನ ಗಿಡವನ್ನಂತೂ ಕಡ್ಡಿ ನೆಟ್ಟೇ ಬೆಳೆಸುವುದು, ಬೀಜದಿಂದಲ್ಲ. "ಮೂಲ ಇದ್ರೆ ಎಷ್ಟು ಬೇಕಾದ್ರೂ ಬೆರೆಸ್ಬೋದು. ಅಲ್ಲಿ ಮೂಲಾನೇ ಹೋಯ್ತಾ ಐತಲ್ಲ. ಬಿತ್ತನೆ ಕೆಡಬಾರದು. ಕಡಿಸಿ" ಅಂದರು. ನಾವು ಅಷ್ಟೊಂದು ಓದಿ ಹಿಡಿಯಲಾಗದ ಎಳೆಯನ್ನು ಅವರು ಎರಡು ನಿಮಿಷದಲ್ಲಿ ಹಿಡಿದರು.

ನಗರಸಭೆಯಲ್ಲಿ ವಿಚಾರಿಸಿ, ನಮ್ಮದು ಕೆಂಪು ಮರವಲ್ಲವೆಂದು ತಿಳಿದವರಿಗೆ ತೋರಿಸಿ ಖಚಿತ ಮಾಡಿಕೊಂಡು, ಆಮೇಲೆ ಕಡಿಸಿದೆವು. ನಿಮ್ಮ ಹಿತ್ತಲಲ್ಲೂ ಇದ್ದರೆ ದಯವಿಟ್ಟು ಅವಸರ ಮಾಡಬೇಡಿ, ಮೊದಲು ಎಲೆ ತೋರಿಸಿ. ಒರಟು ಎಲೆಯಾಗಿದ್ದರೆ ನಿಮ್ಮ ಮನೆಯಲ್ಲಿ ಇರುವುದು ಬಂಗಾರ.

ಗರಗಸದವರು ಮಧ್ಯಾಹ್ನದೊಳಗೆ ಕೆಲಸ ಮುಗಿಸಿದರು. ಸಂಜೆ ತಾತನಿಗೆ ಫೋನ್ ಮಾಡಿ ಆಯಿತೆಂದು ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸೊಪ್ಪು ಏನು ಮಾಡಿದ್ರಿ?" ಎಂದು ಕೇಳಿದರು. ಎಲೆಕಸದ ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಟ್ಟಿದ್ದೇವೆ, ನಾಳೆ ಗಾಡಿ ಬರುತ್ತದೆ ಎಂದೆವು. ಎಷ್ಟು ಚೀಲ ಎಂದರು. ಒಂಬತ್ತು ಎಂದೆವು. "ಒಂಬತ್ತಾ!" ಅಂದು, ಅಷ್ಟು ಸೊಪ್ಪಿಗೆ ಎಷ್ಟು ತಟ್ಟೆ ಹುಳು ಮೇಯುತ್ತಿತ್ತೆಂದು ಅಲ್ಲೇ ಲೆಕ್ಕ ಹಾಕತೊಡಗಿದರು.