ಸೋಸಿದ ನೀರು ಮತ್ತು ಹದಿನಾರಿನ ಕೆರೆ

ನಿವೃತ್ತಿಗೆ ಇನ್ನು ಮೂರು ವರ್ಷಗಳಿವೆ. ಇಷ್ಟು ಕಾಲ ಕನ್ನಡ ಪಾಠ ಹೇಳಿದ ಊರನ್ನು ಬಿಟ್ಟು ಮಗಳ ಸಮೀಪಕ್ಕೆ ಹೋಗಿ ನೆಲೆಸುವುದೆಂದು ಮನೆಯಲ್ಲಿ ನಿಶ್ಚಯವಾದದ್ದು ಕಳೆದ ವರ್ಷ. ಮಗಳು, ಅಳಿಯ ಇಬ್ಬರಿಗೂ ನಂಜನಗೂಡಿನಲ್ಲಿ ಉದ್ಯೋಗ. ಮೊಮ್ಮಗಳಿಗೆ ನಾಲ್ಕು ವರ್ಷ, ನನ್ನ ತಾಯಿಗೆ ಎಂಬತ್ತನಾಲ್ಕು. ಈ ಎರಡು ವಯಸ್ಸುಗಳಿಗೂ ಒಗ್ಗುವ ಊರೊಂದನ್ನು ಹುಡುಕುವ ಕೆಲಸ ನನ್ನ ಮತ್ತು ನನ್ನ ಪತ್ನಿಯ ಪಾಲಿಗೆ ಬಂತು.

ಮೊದಲು ನೋಡಿದ್ದು ಮೈಸೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟನ್ನು. ಗಾಳಿ ಬೆಳಕು ಚೆನ್ನಾಗಿತ್ತು, ಲಿಫ್ಟ್ ಇತ್ತು, ಆಸ್ಪತ್ರೆ ಹತ್ತಿರವಿತ್ತು. ಬಸದಿಗೆ ಆಟೋದಲ್ಲಿ ಹೋಗಿಬರಬಹುದಿತ್ತು. ಅಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು, ಮನೆ ತೋರಿಸಲು ಬಂದಿದ್ದ ಹುಡುಗನನ್ನು ಕೇಳಿದರು: "ಈ ನೀರು ಎಲ್ಲಿಯದಪ್ಪ?"

"ಮೇಲಿನ ಟ್ಯಾಂಕಿನದು ಅಜ್ಜಿ."

"ಟ್ಯಾಂಕಿಗೆ ಎಲ್ಲಿಂದ ಬರುತ್ತದೆ?"

"ಕೆಳಗಿನ ಸಂಪಿನಿಂದ."

"ಸಂಪಿಗೆ?"

"ಒಂದೊಂದು ಸಲ ಬೋರ್‌ವೆಲ್, ಒಂದೊಂದು ಸಲ ಟ್ಯಾಂಕರ್."

ಅಮ್ಮ ಮತ್ತೇನೂ ಕೇಳಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ, "ಅಲ್ಲಿ ನೀರು ಸೋಸಿದ ಮೇಲೆ ಬಟ್ಟೆಯನ್ನು ಎಲ್ಲಿ ಜಾಲಿಸಲಿ?" ಎಂದಷ್ಟೇ ಅಂದರು.

ಜೈನ ಮನೆತನಗಳ ಪರಿಚಯವಿಲ್ಲದ ಓದುಗರಿಗೆ ಈ ಪ್ರಶ್ನೆಯ ಹಿನ್ನೆಲೆಯನ್ನು ಹೇಳಬೇಕು. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಬಳಸಬೇಕೆಂಬುದು ಶ್ರಾವಕರ ಹಳೆಯ ನಿಯಮ. ಶಾಸ್ತ್ರದ ಮಾತಿನಲ್ಲಿ ಇದು ಜಲಗಾಲನ. 13ನೆಯ ಶತಮಾನದ ಪಂಡಿತ ಆಶಾಧರನ 'ಸಾಗಾರಧರ್ಮಾಮೃತ'ದಲ್ಲಿ ಬರುವ ಮೂಲಗುಣಗಳ ಒಂದು ಪಟ್ಟಿ ಜೀವದಯೆಯ ಜೊತೆಗೇ ಇದನ್ನೂ ಎಣಿಸುತ್ತದೆ. ಸೋಸುವುದು ಕುಡಿಯುವವರ ಆರೋಗ್ಯಕ್ಕೆ ಎಂದು ನಾವು ಇಂದು ಸುಲಭವಾಗಿ ವಿವರಿಸಿಬಿಡುತ್ತೇವೆ. ನಿಯಮದ ಉತ್ತರಾರ್ಧ ಆ ವಿವರಣೆಗೆ ಸಿಕ್ಕುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ನೀರು ಎಲ್ಲಿಂದ ಬಂತೋ ಅಲ್ಲಿಗೇ ಮರಳಿ ಬಿಡಬೇಕು. ಬೇರೆ ನೀರಿಗೆ ಬಿಡುವುದು ವ್ರತಕ್ಕೆ ದೋಷ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕಲಾರದು ಎಂಬುದು ಇದರ ಹಿಂದಿನ ತಿಳಿವಳಿಕೆ. ಅದಕ್ಕೇ ಅಮ್ಮ ತಮ್ಮ ಬಾಲ್ಯದಲ್ಲಿ ಕೊಡವನ್ನು ಹಗ್ಗದಲ್ಲಿ ನೀರಿನ ಮಟ್ಟದವರೆಗೂ ಇಳಿಸಿ ನಿಧಾನವಾಗಿ ಬಿಡುತ್ತಿದ್ದರಂತೆ, ಎತ್ತರದಿಂದ ಸುರಿಯುತ್ತಿರಲಿಲ್ಲ. ನೀರಿನ ಮೂಲ ಗೊತ್ತಿಲ್ಲದ ಮನೆಯಲ್ಲಿ ಈ ನಿಯಮವನ್ನು ಪಾಲಿಸುವ ದಾರಿಯೇ ಇಲ್ಲ.

ಇಲ್ಲಿಯವರೆಗೆ ನಾನು ಊರನ್ನು ಮೂರು ಅಳತೆಗಳಲ್ಲಿ ತೂಗುತ್ತಿದ್ದೆ: ಮಗಳ ಮನೆಗೆ ಎಷ್ಟು ದೂರ, ಆಸ್ಪತ್ರೆಗೆ ಎಷ್ಟು ದೂರ, ಗ್ರಂಥಾಲಯಕ್ಕೆ ಎಷ್ಟು ದೂರ. ಆ ದಿನದಿಂದ ನಾಲ್ಕನೆಯ ಅಳತೆಯೊಂದು ಸೇರಿಕೊಂಡಿತು.

ನಂಜನಗೂಡಿನಲ್ಲಿಯೇ ಇರಬಹುದಿತ್ತು. ಕಪಿಲೆ ಅಲ್ಲಿಯೇ ಹರಿಯುತ್ತಾಳೆ, ಮಗಳ ಮನೆಗೆ ನಡೆದೇ ಹೋಗಬಹುದು. ಆದರೆ ನಮ್ಮ ಕೈಗೆಟಕುವ ಬೆಲೆಯ ಮನೆಗಳೆಲ್ಲ ನದಿಯ ಕಡೆಯ ತಗ್ಗಿನಲ್ಲಿದ್ದವು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಆ ಊರಿನ ತಗ್ಗು ಬೀದಿಗಳಿಗೆ ನೀರು ನುಗ್ಗಿದ್ದನ್ನೂ ಮೈಸೂರಿನ ರಸ್ತೆ ಮುಚ್ಚಿಹೋದದ್ದನ್ನೂ ಅಳಿಯ ಕಣ್ಣಾರೆ ಕಂಡಿದ್ದಾನೆ. ಎಂಬತ್ತನಾಲ್ಕು ವರ್ಷದವರನ್ನು ನಡುರಾತ್ರಿ ಎತ್ತಿಕೊಂಡು ಹೊರಡುವ ಧೈರ್ಯ ನಮಗಿರಲಿಲ್ಲ. ಅಲ್ಲಿಂದ ಕೆಳಗೆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರವನ್ನೂ ನೋಡಿದೆವು. ಅಲ್ಲಿ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಜನ ಆ ಸಂಗಮದ ದಂಡೆಯಲ್ಲಿ ಬದುಕಿ, ತಮ್ಮವರನ್ನು ಅಲ್ಲಿಯೇ ಮಣ್ಣು ಮಾಡಿದ್ದರು. ಊರು ಆಯುವ ಕೆಲಸದಲ್ಲಿ ಅವರು ನಮಗಿಂತ ಸಾವಿರಾರು ವರ್ಷ ಹಿರಿಯರು. ನನಗೆ ಅಲ್ಲಿಯೇ ಇದ್ದುಬಿಡುವ ಆಸೆಯಾಯಿತು. ಆದರೆ ಮಗಳಿಗೆ ಅದು ದಿನವೂ ಬಂದುಹೋಗಲಾಗದಷ್ಟು ದೂರ.

ಈ ಎರಡು ಊರುಗಳ ನಡುವೆ ಇರುವುದು ಹದಿನಾರು. ನನ್ನ ಪತ್ನಿ ಮೊದಲ ಸಲ ಹೆಸರು ಕೇಳಿದಾಗ, "ಊರಿನ ಹೆಸರು ಕೇಳಿದರೆ ಮನೆಯ ನಂಬರು ಹೇಳುತ್ತೀರಲ್ಲ" ಎಂದಳು. ಕನ್ನಡ ಅಧ್ಯಾಪಕನಿಗೆ ಈ ಹೆಸರು ಹೊಸದಲ್ಲ. ಮೈಸೂರು ಅರಸರ ಮೂಲವನ್ನು ಹೇಳುವ ಐತಿಹ್ಯದಲ್ಲಿ ಹದಿನಾಡು ಎಂದು ಬರುವ ಸ್ಥಳವನ್ನು ಇದೇ ಊರಿನೊಂದಿಗೆ ಗುರುತಿಸುವುದುಂಟು. ದ್ವಾರಕೆಯ ಕಡೆಯಿಂದ ಬಂದ ಇಬ್ಬರು ಸಹೋದರರು, ಆ ಸೀಮೆಯ ಒಡೆಯನ ಮಗಳನ್ನು ಬಲವಂತವಾಗಿ ವರಿಸಹೊರಟಿದ್ದ ಕಾರುಗಹಳ್ಳಿಯ ಮಾರನಾಯಕನನ್ನು ಕೊಂದರು. ಹಿರಿಯನಾದ ಯದುರಾಯ ದೇವಾಜಮ್ಮಣ್ಣಿಯನ್ನು ಮದುವೆಯಾಗಿ 1399ರಲ್ಲಿ ಒಡೆತನ ಪಡೆದ ಎಂಬುದು ಕಥೆ. 1810ರಲ್ಲಿ ಮೊದಲ ಸಂಪುಟ ಹೊರಬಂದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಚರಿತ್ರೆಯಲ್ಲಿಯೂ ಈ ಕಥೆ ಇದೆ. ಘಟನೆಗೂ ಬರವಣಿಗೆಗೂ ನಡುವೆ ಶತಮಾನಗಳ ಅಂತರವಿರುವುದರಿಂದ ಇದನ್ನು ಐತಿಹ್ಯವೆಂದೇ ಓದಬೇಕು.

ಐತಿಹ್ಯವಾದರೂ ಅದು ನನ್ನ ನೆರವಿಗೆ ಬಂದಿತು. "ಮಗಳನ್ನು ಕೊಟ್ಟ ಕಡೆಗೆ ಹೋಗಿ ನೆಲೆಸುವುದುಂಟೇ?" ಎಂದು ನಮ್ಮ ಹಿರಿಯ ಸೋದರಮಾವ ಆಕ್ಷೇಪಿಸಿದಾಗ, ಮೈಸೂರಿನ ರಾಜವಂಶವೇ ಹೆಣ್ಣಿನ ಮನೆಗೆ ಬಂದು ನೆಲೆಸಿದ ಒಬ್ಬ ಅಳಿಯನಿಂದ ಆರಂಭವಾಯಿತೆಂದು ಕಥೆ ಹೇಳುತ್ತದೆ ಎಂದೆ. "ಅವನು ಅಳಿಯ, ನೀನು ಮಾವ" ಎಂದರು ಅವರು. ಆ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಐತಿಹ್ಯದೊಳಗೂ ಒಂದು ಕೆರೆಯಿದೆ. ಸಹೋದರರು ಮೈಸೂರಿನ ಕೋಡಿ ಭೈರವನ ಗುಡಿಯಲ್ಲಿ ತಂಗಿದ್ದಾಗ, ಕೆರೆಗೆ ಬಂದ ಹೆಂಗಸರ ಮಾತಿನಿಂದ ಅರಮನೆಯ ಸಂಕಟ ಅವರಿಗೆ ತಿಳಿಯಿತೆಂದು ಒಂದು ಪಾಠ ಹೇಳುತ್ತದೆ. ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗ. ದೇವರ ಹೆಸರಿನಲ್ಲಿ ಕೋಡಿ ಉಳಿದಿದೆ. ಮೈಸೂರಿನ ದೊಡ್ಡಕೆರೆ ಮಾತ್ರ ಈಗ ದೊಡ್ಡಕೆರೆ ಮೈದಾನವಾಗಿದೆ, ಅಲ್ಲಿ ದಸರಾ ವಸ್ತುಪ್ರದರ್ಶನ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಸ್ಥಳನಾಮಗಳ ಪಾಠ ಮಾಡುವಾಗ ನಾನು ಇದನ್ನು ಉದಾಹರಿಸುತ್ತಿದ್ದೆ. ಒಂದು ಕೆರೆಯ ಪಕ್ಕದಲ್ಲಿ ಉಳಿದ ಆಯುಷ್ಯ ಕಳೆಯಬೇಕೆಂದು ಹೊರಟಾಗ ಅದು ಪಾಠದ ಉದಾಹರಣೆಯಾಗಿ ಕಾಣಲಿಲ್ಲ.

ಹದಿನಾರಿನ ಕೆರೆ ಇನ್ನೂ ಕೆರೆಯಾಗಿದೆ. ನಾವು ಮೊದಲು ಹೋದದ್ದು ಜನವರಿಯ ಒಂದು ಬೆಳಿಗ್ಗೆ. ಪಟ್ಟೆತಲೆಯ ಹೆಬ್ಬಾತುಗಳು ನೀರಿನ ಅಂಚಿನಲ್ಲಿ ಸಾಲಾಗಿ ಕುಳಿತಿದ್ದವು. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿಗಳಿವು; ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಮೊಮ್ಮಗಳು ಎಣಿಸಲು ತೊಡಗಿ ಇಪ್ಪತ್ತಕ್ಕೆ ನಿಂತಳು, ಅವಳಿಗೆ ಅಷ್ಟೇ ಬರುವುದು.

ಏರಿಯ ಮೇಲೆ ನಡೆಯುತ್ತಿದ್ದಾಗ ಶಾಸನಗಳ ಶಬ್ದಗಳು ಒಂದೊಂದಾಗಿ ನೆನಪಾದವು: ಕೆರೆ, ಏರಿ, ತೂಬು, ಕೋಡಿ, ಬಿತ್ತುವಟ್ಟ. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಆ ಕೆರೆಯ ನೀರುಣ್ಣುವ ಭೂಮಿಯಲ್ಲಿಯೇ ಪಾಲು ಕೊಡುವ ದತ್ತಿ ಬಿತ್ತುವಟ್ಟ. ಕೆರೆ ಒಣಗಿದರೆ ಅವನ ಪಾಲೂ ಒಣಗುತ್ತದೆ. 10ನೆಯ ಶತಮಾನದ ಆತಕೂರಿನ ಶಾಸನವನ್ನು ನಾವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ವೀರಗಲ್ಲೆಂದು ನೆನೆಯುತ್ತೇವೆ. ಆ ನಾಯಿಯ ನೆನಪಿಗೆ ಬಿಟ್ಟ ಎರಡು ಕಂಡುಗ ಭೂಮಿ ಊರಿನ ಹಿರಿಯ ಕೆರೆಯ ಕೆಳಗಿನದು ಎಂಬುದನ್ನು ಮರೆಯುತ್ತೇವೆ. ನಾಯಿಯ ಪೂಜೆ ನಿಲ್ಲಬಾರದೆಂದಿದ್ದವರು ಅದನ್ನು ಒಂದು ಕೆರೆಗೆ ಕಟ್ಟಿಹಾಕಿದರು. 1894ರಲ್ಲಿ ಬಿ. ಎಲ್. ರೈಸ್ ಅವರು ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಅದನ್ನು ಮತ್ತೆ ತಿರುವಿಹಾಕಿದಾಗ ನನಗೆ ಕಂಡದ್ದು ಇಷ್ಟು: ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ನಮ್ಮ ಹಿಂದಿನವರು ಮತ್ತೆ ಮತ್ತೆ ನೀರನ್ನು ನೆನೆಯುತ್ತಾರೆ. ಯಾವ ನೀರಿನ ಮೇಲೆ, ಯಾವ ನೀರಿನ ಕೆಳಗೆ ಎಂಬುದರಿಂದಲೇ ಜಾಗದ ಗುರುತು.

ಆ ದಿನವೇ ದಲ್ಲಾಳಿಯೊಬ್ಬ ನಮಗೊಂದು ನಿವೇಶನ ತೋರಿಸಿದ. ಕಿಟಕಿ ತೆರೆದರೆ ಕೆರೆ, ವರಾಂಡದಲ್ಲಿ ಕುಳಿತರೆ ಹೆಬ್ಬಾತು. "ಸಾರ್, ಇಂಥ ವ್ಯೂ ಮೈಸೂರಿನಲ್ಲಿ ಕೋಟಿ ಕೊಟ್ಟರೂ ಸಿಗುವುದಿಲ್ಲ" ಎಂದ. ನಿಜ ಹೇಳುವುದಾದರೆ ನನ್ನ ಮನಸ್ಸು ಅಲ್ಲಿಯೇ ಮನೆ ಕಟ್ಟಿ ಮುಗಿಸಿತ್ತು. ಪುಸ್ತಕದ ಕಪಾಟುಗಳನ್ನು ಯಾವ ಗೋಡೆಗೆ ನಿಲ್ಲಿಸಬೇಕೆಂದೂ ಯೋಚಿಸಿದ್ದೆ. ಕಾಗದಪತ್ರ ನೋಡಿದಾಗ ಜಾಗದ ಒಂದು ಭಾಗ ಕೆರೆಗೆ ಸೇರಿದ್ದೋ ಅಲ್ಲವೋ ಎಂಬುದೇ ಸ್ಪಷ್ಟವಿರಲಿಲ್ಲ. "ಅದೆಲ್ಲ ಸರಿಮಾಡಿಸಬಹುದು" ಎಂದ ದಲ್ಲಾಳಿ. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ಈ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರ ಸುಮ್ಮನಿದ್ದೆ. ಜಾಗ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಬೇಡವೆನ್ನಿಸಿದ್ದು ಅಮ್ಮನ ಇನ್ನೊಂದು ಪ್ರಶ್ನೆ. ನಕ್ಷೆ ನೋಡಿ, "ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರು. ಇಳಿಜಾರು ಕೆರೆಯ ಕಡೆಗಿತ್ತು. ನೀರು ಎಲ್ಲಿಂದ ಬರುತ್ತದೆಂದು ಕೇಳಿದವರಿಗೆ ಅದು ಎಲ್ಲಿಗೆ ಹೋಗುತ್ತದೆಂದು ಕೇಳುವುದು ಸಹಜವಾಗಿತ್ತು. ಸೋಸಿದ ಬಟ್ಟೆಯ ಕಣ್ಣಿಗೆ ಕಾಣದ ಜೀವಗಳನ್ನು ಮೂಲಕ್ಕೆ ಮರಳಿಸುವ ಮನೆಯವರು ಸಾಬೂನಿನ ನೀರನ್ನೂ ಅದೇ ಮೂಲಕ್ಕೆ ಬಿಡುತ್ತೇವೆಯೇ? ಕೆರೆ ಮೈದಾನವಾಗುವುದು ಒಂದೇ ದಿನದಲ್ಲಿ ಅಲ್ಲ. ಕೆರೆಯನ್ನು ಇಷ್ಟಪಟ್ಟು, ಅದರ ಪಕ್ಕದಲ್ಲಿಯೇ ಇರಬೇಕೆಂದು ಬಂದ ನನ್ನಂಥವರು ಒಬ್ಬೊಬ್ಬರಾಗಿ ಒಂದೊಂದು ಗೋಡೆಯನ್ನು ಅಂಚಿಗೆ ತಳ್ಳಿದಾಗಲೂ ಆಗುತ್ತದೆ. ಮರುದಿನ ದಲ್ಲಾಳಿಗೆ ಫೋನು ಮಾಡಿ ಬೇಡವೆಂದೆ.

ನಾವು ಈಗ ಮುಂಗಡ ಕೊಟ್ಟಿರುವುದು ಊರೊಳಗಿನ ಒಂದು ಹಳೆಯ ಹೆಂಚಿನ ಮನೆಗೆ. ಅಲ್ಲಿಂದ ಕೆರೆ ಕಾಣುವುದಿಲ್ಲ. ಅಮ್ಮನ ನಡಿಗೆಯಲ್ಲಿ ಏರಿಗೆ ಕಾಲು ಗಂಟೆ. ಕೊರತೆಗಳೂ ಇವೆ. ಅಮ್ಮನ ನಿತ್ಯದರ್ಶನಕ್ಕೆ ನೆರೆಯಲ್ಲಿ ಬಸದಿಯಿಲ್ಲ; ಮನೆಯೊಳಗೆ ಒಂದು ಚಿಕ್ಕ ಜಿನಬಿಂಬವನ್ನಿಟ್ಟುಕೊಂಡು, ಹಬ್ಬ ಹರಿದಿನಗಳಲ್ಲಿ ಮೈಸೂರಿಗೆ ಹೋಗಿಬರುವುದೆಂದು ಅವರೇ ಒಪ್ಪಿಕೊಂಡಿದ್ದಾರೆ. ದೊಡ್ಡ ಆಸ್ಪತ್ರೆ ಬೇಕಾದರೂ ಮೈಸೂರಿಗೇ ಹೋಗಬೇಕು. "ಅಪ್ಪ, ರಾತ್ರಿ ಹೊತ್ತು ಅಜ್ಜಿಗೆ ಏನಾದರೂ ಆದರೆ?" ಎಂದು ಮಗಳು ಈಗಲೂ ಕೇಳುತ್ತಾಳೆ. ಅವಳ ಭಯಕ್ಕೆ ಆಧಾರವಿದೆ. ಹತ್ತಿರ ಇರುವುದಕ್ಕೆಂದೇ ಹೊರಟು, ಅಷ್ಟು ಹತ್ತಿರವಲ್ಲದ ಊರನ್ನು ಆರಿಸಿಕೊಂಡೆವೆಂಬ ಅಳುಕು ನನಗೂ ಇದೆ. ದಿನವೂ ಸಂಜೆ ಮೊಮ್ಮಗಳನ್ನು ನಮ್ಮಲ್ಲಿಗೆ ಕರೆತರುವುದೆಂದು ಒಪ್ಪಂದವಾಗಿದೆ. ಅದು ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಹಿತ್ತಿಲಿನಲ್ಲಿ ಒಂದು ಸೇದುವ ಬಾವಿಯಿದೆ. ಮುಂಗಡ ಕೊಟ್ಟ ದಿನ ಅಮ್ಮ ಅದರ ಕಟ್ಟೆಯ ಮೇಲೆ ಕೈಯೂರಿ ಬಗ್ಗಿ ನೋಡಿ, ಮಾರುತ್ತಿದ್ದ ಹಿರಿಯರನ್ನು ಕೇಳಿದರು: "ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ?"

"ಕೆರೆ ಎಷ್ಟು ಇಳಿಯುತ್ತದೋ ಅಷ್ಟು ತಾಯಿ. ಕೆರೇಲಿ ನೀರಿದ್ದರೆ ಇಲ್ಲೂ ಇರುತ್ತೆ."

ಅಮ್ಮ ಹಗ್ಗ ಕೇಳಿ ಪಡೆದು ಒಂದು ಕೊಡ ಸೇದಿಸಿದರು. ತಮ್ಮ ಚೀಲದಿಂದ ಬಿಳಿಯ ಬಟ್ಟೆಯನ್ನು ತೆಗೆದು, ಎರಡು ಮಡಿಕೆ ಮಾಡಿ, ಇನ್ನೊಂದು ಪಾತ್ರೆಗೆ ಸೋಸಿದರು. ಬಟ್ಟೆಯನ್ನು ಮಗುಚಿ ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಕೊಡಕ್ಕೆ ಹಾಕಿ ನನ್ನ ಕೈಗೆ ಹಗ್ಗ ಕೊಟ್ಟರು. "ಮೇಲಿಂದ ಸುರಿಯಬೇಡ. ನೀರು ಮುಟ್ಟುವವರೆಗೆ ಇಳಿಸು" ಎಂದರು. ಇಳಿಸಿದೆ.