ಕೊಡಚಾದ್ರಿಯ ದಾರಿಯಲ್ಲಿ ಒಂದು ರೋಗಪರೀಕ್ಷೆ

ಸಹ್ಯಾದ್ರಿಯ ಶಿಖರಗಳಲ್ಲಿ ಕೊಡಚಾದ್ರಿಯ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ 1343 ಮೀಟರು ಎತ್ತರಕ್ಕೆ ನಿಂತಿರುವ ಈ ಗಿರಿಯ ಮೇಲೆ ಶಂಕರ ಭಗವತ್ಪಾದರ ಹೆಸರಿನ ಸರ್ವಜ್ಞಪೀಠವೆಂಬ ಸಣ್ಣ ಶಿಲಾಮಂಟಪವಿದೆ. ಅದನ್ನು ನೋಡಬೇಕೆಂಬ ಆಸೆ ನಮಗೆ ಪಾಠಶಾಲೆಯ ದಿನಗಳಿಂದಲೂ ಇದ್ದು, ಕಳೆದ ಪುಷ್ಯಮಾಸದಲ್ಲಿ ನಮ್ಮ ಮನೆಯವರನ್ನೂ ಎಂಟು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಹೊರಟೆವು. ಗಿರಿಯ ವರ್ಣನೆಯನ್ನು ಬಲ್ಲವರು ಅನೇಕರು ಮಾಡಿದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ನಮ್ಮನ್ನು ಹೊತ್ತ ಜೀಪಿನ ವಿಚಾರ.

ನಿಟ್ಟೂರಿನಿಂದ ಮುಂದೆ ದಾರಿ ಕಾಡನ್ನು ಹೊಕ್ಕ ಮೇಲೆ ಅದನ್ನು ದಾರಿಯೆಂದು ಕರೆಯುವುದು ಔದಾರ್ಯವೇ ಸರಿ. ಮಳೆನೀರು ಕೊರೆದ ಕೆಂಪು ಮಣ್ಣು, ತಲೆಯೆತ್ತಿದ ಬಂಡೆ, ಒಂದು ಕಡೆ ಕಂದಕ. ನಾಲ್ಕು ಚಕ್ರಗಳಿಗೂ ಬಲ ಹರಿಯುವ ಜೀಪುಗಳು ಮಾತ್ರ ಇಲ್ಲಿ ಹತ್ತಬಲ್ಲವು. ನಮಗೆ ದೊರೆತದ್ದು ಬಹಳ ಹಳೆಯದು; 1941ರಿಂದ ಅಮೆರಿಕದಲ್ಲಿ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ವಂಶದ್ದು. ಗೇರ್ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಸಣ್ಣ ಕಡ್ಡಿಗಳು. ಒಂದು ಮುಂಚಕ್ರಗಳನ್ನು ಕೂಡಿಸುತ್ತದೆ. ಇನ್ನೊಂದನ್ನು 'ಲೋ'ಗೆ ಹಾಕಿದರೆ ವೇಗ ಸುಮಾರು ಅರ್ಧಕ್ಕೆ ಇಳಿದು ಎಳೆಯುವ ಬಲ ಹೆಚ್ಚುತ್ತದೆ. ಈ ಎರಡೂ ಕೆಲಸಗಳು ನಡೆಯುವ ಪೆಟ್ಟಿಗೆ ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್.

ಏರು ಆರಂಭವಾದಾಗಲೇ ಕಾಲಡಿಯಲ್ಲಿ ಒಂದು ಕೊರಗುವ ಧ್ವನಿ ಕೇಳುತ್ತಿತ್ತು. ಕಡಿದಾದ ಒಂದು ತಿರುವಿನಲ್ಲಿ ಲೋ ಕಡ್ಡಿ ಟಕ್ಕೆಂದು ತಾನಾಗಿಯೇ ಹಾರಿತು. ಇಂಜಿನು ಗರ್ಜಿಸುತ್ತಿದೆ, ಚಕ್ರಕ್ಕೆ ಬಲವಿಲ್ಲ. ಜೀಪು ಎರಡು ಮಾರು ಹಿಂದಕ್ಕೆ ಜಾರಿತು. ಚಾಲಕನಾದ ತರುಣನು ಬ್ರೇಕನ್ನು ತುಳಿದು ನಿಲ್ಲಿಸಿದನು. ಮೊಮ್ಮಗನು ನಕ್ಕನು, ನಾವು ನಗಲಿಲ್ಲ. ಉಳಿದ ದಾರಿಯನ್ನು ಆತನು ಆ ಕಡ್ಡಿಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡೇ ಹತ್ತಿಸಿದನು.

ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದು, ಅಲ್ಲಿರುವ ಎತ್ತರದ ಕಬ್ಬಿಣದ ಕಂಬವನ್ನು ನೋಡಿ, ಕಾಲ್ನಡಿಗೆಯಿಂದ ಸರ್ವಜ್ಞಪೀಠಕ್ಕೆ ಹೋಗಿ ಬಂದೆವು. ಮರಳುವಾಗ್ಗೆ ನಮ್ಮ ಚಾಲಕನು ತಲೆಯ ಮೇಲೆ ಕೈಯಿಟ್ಟು ಕುಳಿತಿದ್ದನು. ಒಂದು ತಿಂಗಳ ಕೆಳಗೆ ಇದೇ ಧ್ವನಿಗಾಗಿ ಗೇರ್ ಬಾಕ್ಸನ್ನು ಬಿಚ್ಚಿಸಿ ಸಾಲದ ಹಣವನ್ನು ಸುರಿದಿದ್ದನಂತೆ. ರೋಗ ಹಾಗೆಯೇ ಉಳಿದಿತ್ತು. ಬೇರೊಂದು ಜೀಪಿನ ವೃದ್ಧ ಚಾಲಕನು ಬೀಡಿಯನ್ನು ಎಸೆದು, "ಏಳು ತಮ್ಮ, ಮೊದಲು ನಾಲ್ಕು ಚಕ್ರಕ್ಕೂ ಕಲ್ಲು ಕೊಡು" ಎಂದು ಎದ್ದನು.

ಮುಂದೆ ನಡೆದುದನ್ನು ನಾವು ಬೆರಗಾಗಿ ನೋಡಿದೆವು. ಆತನು ಮೊದಲು ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನನ್ನು ಓಡಿಸಿದನು. ಧ್ವನಿಯಿಲ್ಲ. ಬಳಿಕ ಟ್ರಾನ್ಸ್‌ಫರ್ ಕೇಸನ್ನು ಮಾತ್ರ ನ್ಯೂಟ್ರಲ್ ಮಾಡಿ ಗೇರನ್ನು ಹಾಕಿದನು. ಚಕ್ರಗಳು ನಿಂತೇ ಇವೆ, ಆದರೂ ಕೊರಗು ಕೇಳಿಸಿತು. ಒಂದೊಂದಾಗಿ ಗೇರುಗಳನ್ನು ಬದಲಿಸಿದರೂ ಧ್ವನಿಯ ಜಾತಿ ಒಂದೇ, ಶ್ರುತಿ ಮಾತ್ರ ಏರಿಳಿಯಿತು. ಕೊನೆಯ ಗೇರಿನಲ್ಲಿ ಬಲವು ಗೇರ್ ಬಾಕ್ಸಿನ ಹಲ್ಲುಗಳ ಮೇಲೆ ಬೀಳದೆ ನೇರವಾಗಿ ಹಾದುಹೋಗುತ್ತದೆಯಂತೆ. ಅಲ್ಲಿಯೂ ಕೊರಗು ತಪ್ಪಲಿಲ್ಲ. ಇದು ಇದ್ದಲ್ಲಿ ಅದು ಇರುವುದು ಅನ್ವಯ, ಇದಿಲ್ಲದಲ್ಲಿ ಅದೂ ಇಲ್ಲದಿರುವುದು ವ್ಯತಿರೇಕ ಎಂದು ಮೂವತ್ತು ವರ್ಷ ಹೊಗೆ ಬೆಂಕಿಗಳ ಉದಾಹರಣೆಯಿಂದ ಪಾಠ ಹೇಳಿದವರು ನಾವು. ತರ್ಕಶಾಸ್ತ್ರದ ಹೆಸರನ್ನೂ ಕೇಳದ ಈತನು ಅದನ್ನು ನಮ್ಮ ಕಣ್ಣೆದುರಿಗೆ ನಡೆಸಿ ತೋರಿಸಿದನು.

ಅಷ್ಟಕ್ಕೇ ಆತನಿಗೆ ತೃಪ್ತಿಯಾಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಊರಿ ಹಿಡಿಯನ್ನು ಕಿವಿಗೆ ಆನಿಸಿ, ವೈದ್ಯನಂತೆ ಆಲಿಸಿದನು, ನಮಗೂ ಕೇಳಿಸಿದನು. ಗೇರ್ ಬಾಕ್ಸಿನ ಮೇಲೆ ಮೃದುವಾದ ಗುಂಯ್‌ಕಾರ, ಹಿಂದಿನ ಪೆಟ್ಟಿಗೆಯ ಮೇಲೆ ಬೀಸುಕಲ್ಲಿನ ಸದ್ದು. ಇಂಜಿನು ನಿಲ್ಲಿಸಿ ಕೆಳಗೆ ತೂರಿ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದನು. ಕ್ರಾಸ್ ಸವೆದಿದ್ದರೂ ಹೀಗೆಯೇ ಅಲ್ಲಾಡುವುದಂತೆ. ಆದರೆ ಇಲ್ಲಿ ಕ್ರಾಸ್ ಬಿಗಿಯಾಗಿತ್ತು. ಪೆಟ್ಟಿಗೆಯಿಂದ ಹೊರಬರುವ ಶಾಫ್ಟೇ ಅಲುಗುತ್ತಿತ್ತು, ಅದರ ಸೀಲಿನಿಂದ ಎಣ್ಣೆ ಜಿನುಗುತ್ತಿತ್ತು. ಬಿರಡೆ ತೆಗೆದು ಕಿರುಬೆರಳನ್ನು ಅದ್ದಿ, ಎಣ್ಣೆಯನ್ನು ಅಂಗೈಗೆ ಸವರಿ ಬಿಸಿಲಿಗೆ ಹಿಡಿದನು. ಅಭ್ರಕದಂತೆ ಮಿನುಗುವ ಪುಡಿ. "ಚೂರು ಸಿಕ್ಕಿದ್ರೆ ಹಲ್ಲು ಮುರಿದಿದೆ ಅಂತ, ಮಾಷ್ಟ್ರೇ. ಇದು ಪುಡಿ, ಸವೆದದ್ದು" ಎಂದನು. ಲೋ ಕಡ್ಡಿಯನ್ನು ಹಲವು ಸಲ ಹಾಕಿ ತೆಗೆದು, ಹಿಡಿತದ ಸ್ಪ್ರಿಂಗು ಗಟ್ಟಿಯಾಗಿದೆ, ಗೇರಿನ ಹಲ್ಲುಗಳ ಅಂಚು ಸವೆದು ಇಳಿಜಾರಾಗಿರುವುದರಿಂದಲೇ ಭಾರ ಬಿದ್ದಾಗ ಜಾರಿಕೊಳ್ಳುತ್ತದೆ ಎಂದು ನಿರ್ಣಯಿಸಿದನು.

ತರುಣನು ಮೆಲ್ಲನೆ, "ಇವರನ್ನು ಇಳಿಸಿ ಬಂದುಬಿಡ್ತೇನಣ್ಣ, ಕಡ್ಡಿ ಹಿಡ್ಕೊಂಡೇ" ಎಂದನು. ವೃದ್ಧನು ಒಪ್ಪಲಿಲ್ಲ. ಇಳಿಜಾರಿನಲ್ಲಿ ವಾಹನವನ್ನು ತಡೆಯುವುದು ಇಂಜಿನಿನ ಬಿಗಿ. ಲೋ ಹಾರಿತೆಂದರೆ ಆ ಬಿಗಿ ಕ್ಷಣದಲ್ಲಿ ಇಲ್ಲವಾಗಿ, ಉಳಿಯುವುದು ಕಾದ ಬ್ರೇಕೊಂದೇ. ನಮ್ಮ ಮನೆಯವರು ಇದನ್ನು ಕೇಳಿದವರೇ ಮೊಮ್ಮಗನ ಕೈ ಹಿಡಿದು ವೃದ್ಧನ ಜೀಪಿನಲ್ಲಿ ಹೋಗಿ ಕುಳಿತರು. ಖಾಲಿ ಜೀಪನ್ನು ತರುಣನು ಲೋ ಬಿಟ್ಟು ಮೊದಲನೆಯ ಗೇರಿನಲ್ಲಿ, ಆಮೆಯ ನಡೆಯಲ್ಲಿ, ನಮ್ಮ ಹಿಂದೆ ಇಳಿಸಿದನು. ನಾವು ಪೂರ್ಣ ಬಾಡಿಗೆಯನ್ನು ಕೊಟ್ಟಾಗ ಅರ್ಧವನ್ನು ಹಿಂದಿರುಗಿಸಲು ಬಂದನು, ನಾವು ತೆಗೆದುಕೊಳ್ಳಲಿಲ್ಲ.

ಹದಿನೈದು ದಿನಗಳ ಮೇಲೆ ಆತನ ದೂರವಾಣಿ ಬಂದಿತು. ಪೆಟ್ಟಿಗೆಯನ್ನು ಬಿಚ್ಚಿದಾಗ ನಡುವಿನ ಶಾಫ್ಟಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತಂತೆ; ಸೂಜಿಯಂಥ ಬೇರಿಂಗುಗಳು ನವೆದುಹೋಗಿದ್ದವಂತೆ. ಶಾಫ್ಟು, ಬೇರಿಂಗು, ಸೀಲು, ಲೋ ಗೇರು ಹೊಸವಾಗಿವೆ. ಸೀಸನ್ನಿನ ಆರು ದಿನದ ಸಂಪಾದನೆ ಹೋಯಿತೆಂದು ವ್ಯಥೆಪಟ್ಟನು. ಕಡ್ಡಿ ಈಗ ಹಾರುವುದಿಲ್ಲ, ಸ್ವಲ್ಪ ಸದ್ದು ಮಾತ್ರ ಇದೆ, ಅದು ಈ ಪೆಟ್ಟಿಗೆಯ ಹುಟ್ಟುಗುಣವೆಂದು ಅಣ್ಣ ಹೇಳಿದ್ದಾರೆ, ಚಿತ್ರಮೂಲವನ್ನು ನೋಡಲು ಮತ್ತೊಮ್ಮೆ ಬನ್ನಿರೆಂದು ಕರೆದಿದ್ದಾನೆ. ಮೊಮ್ಮಗನು ಸಿದ್ಧನಾಗಿದ್ದಾನೆ. ನಮ್ಮ ಮನೆಯವರು ಇನ್ನೂ ಒಪ್ಪಿಲ್ಲ.