ಭಾವ ಬೆಂಜ್ ನೋಡಲು ಹೋದದ್ದು

ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ರಾತ್ರಿ ಒಲೆಯ ಮುಂದೆ ಕೂತರೆ ಸಾಕು, ಬೆಂಜ್ ಕತೆ ಹೇಳು ಅಂತ ಯಾರಾದರೂ ಗಂಟುಬೀಳುತ್ತಾರೆ. ಭಾವನಿಗೂ ಅದರಲ್ಲಿ ಬೇಜಾರಿಲ್ಲ. ಹಂಡೆಗೆ ಚೊಗರು ಸುರಿಯುತ್ತಾ, ನಾನು ಎಲ್ಲಿ ಉಪ್ಪುಖಾರ ಹೆಚ್ಚು ಮಾಡುತ್ತೇನೋ ಅಂತ ಒಂದು ಕಿವಿ ಇತ್ತ ಕೊಟ್ಟಿರುತ್ತಾನೆ. ಇವತ್ತು ಅವನು ಸೊಸೈಟಿ ಮೀಟಿಂಗಿಗೆ ಹೋಗಿದ್ದಾನೆ. ಹಾಗಾಗಿ ಪೂರ್ತಿ ಹೇಳಬಹುದು.

ಆಸೆ ಹಳೆಯದು. ಭಾವ ಸಾಗರದಲ್ಲಿ ಹೈಸ್ಕೂಲಿಗೆ ಹೋಗುವಾಗ ಮಂಡಿ ಸಾಹುಕಾರರೊಬ್ಬರ ಹತ್ತಿರ ಹೊರದೇಶದಿಂದ ತರಿಸಿದ ಡೀಸೆಲ್ ಬೆಂಜ್ ಇತ್ತಂತೆ. ದುಂಡು ದೀಪದ, ತೂಕದ ಗಾಡಿ. ಬಾಗಿಲು ಹಾಕಿದರೆ ಬರುವ ಶಬ್ದ ಕೇಳಲೆಂದೇ ಹುಡುಗರು ಅಡ್ಡದಾರಿಯಲ್ಲಿ ಮನೆಗೆ ಹೋಗುತ್ತಿದ್ದರಂತೆ. ಆಮೇಲೆ ಎಲ್ಲೋ ಒಂದು ಕಡೆ ಗ್ರೀಸಿನ ಟ್ಯಾಕ್ಸಿಯವನ ವಿಷಯ ಓದಿದ. ಗ್ರಿಗೋರಿಯೊಸ್ ಸಾಖಿನಿಡಿಸ್ ಅಂತ ಹೆಸರು. 1976ರ 240ಡಿ ಬೆಂಜನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಅದನ್ನು ಕಂಪನಿಯ ಮ್ಯೂಸಿಯಮ್ಮಿಗೇ ಕೊಟ್ಟವನು. ಆ ಒಂದು ಸಂಖ್ಯೆ ಭಾವನ ತಲೆಯೊಳಗೆ ಹೊಕ್ಕಿತು. ಅಲ್ಲಿಂದ ಮೇಲೆ ಯಾರು ಏನೇ ಹೇಳಲಿ, 'ಎರಡು ಲಕ್ಷ ಓಡಿದ್ದು ಒಂದು ಓಟವಾ ಮಾರಾಯ' ಅನ್ನುವುದೇ ಅವನ ಉತ್ತರ.

ಆಸೆಗೆ ಕಾಲ ಕೂಡಿಬಂದದ್ದು ದಿಲ್ಲಿಯಿಂದ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸುತ್ತಮುತ್ತ ಓಡಕೂಡದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿತು. ಅಲ್ಲಿ 2008ರ ಬೆಂಜ್ ಇಟ್ಟುಕೊಂಡವನ ಪಾಡು ಏನು ಹೇಳಿ. ಗಾಡಿ ಗಟ್ಟಿಮುಟ್ಟಾಗಿದೆ, ರಸ್ತೆಗಿಳಿಸುವ ಹಾಗಿಲ್ಲ. ನಿರಾಕ್ಷೇಪಣಾ ಪತ್ರ ಮಾಡಿಸಿ ದಕ್ಷಿಣಕ್ಕೆ ಸಾಗಿಸಿದರು. ಹೊಸದರಲ್ಲಿ ನಲವತ್ತು ಲಕ್ಷ ದಾಟಿದ್ದ ಕಾರು ಬೆಂಗಳೂರಿನಲ್ಲಿ ಆರು ಲಕ್ಷಕ್ಕೆ ಬಂದು ನಿಂತಿತು. ಆರು ಲಕ್ಷಕ್ಕೆ ಆಗ ಹೊಸ ಸಣ್ಣ ಕಾರು ಬರುತ್ತಿತ್ತು. ಭಾವ ಆ ಸುಗ್ಗಿಯ ಅಡಿಕೆ ಮಾರಿ, ಹಣ ಬ್ಯಾಂಕಿಗೆ ಹಾಕುವ ಮೊದಲೇ ನನಗೆ ಫೋನ್ ಮಾಡಿದ. ಬೆಂಗಳೂರಿನಲ್ಲಿ ಇರುವವನು ನಾನೊಬ್ಬನೇ ನೋಡಿ.

ನನಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಪೆಟ್ರೋಲ್ ಹಾಕಿಸುವುದು ಮಾತ್ರ. ಗೊತ್ತಿದ್ದವರ ಮೂಲಕ ಶಿವಾಜಿನಗರದ ಒಬ್ಬ ಮೆಕ್ಯಾನಿಕ್ಕನ್ನು ಹಿಡಿದೆ. ಎಲ್ಲರೂ ಭಾಯಿ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಜರ್ಮನ್ ಗಾಡಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ನೋಡಿಕೊಡಲು ಅವನದು ಒಂದೇ ಷರತ್ತು: ತಾನು ಬೇಡ ಅಂದ ಗಾಡಿಯನ್ನು ತಗೊಂಡರೆ ಆಮೇಲೆ ತನ್ನ ಗ್ಯಾರೇಜಿಗೆ ತರಬಾರದು. ಭಾವ ಗ್ರೀಸಿನ ಕತೆ ತೆಗೆದ. ಭಾಯಿ ಪೂರ್ತಿ ಕೇಳಿಸಿಕೊಂಡ. 'ಸಾರ್, ಆ ಗಾಡೀಲಿ ಕಂಪ್ಯೂಟರ್ ಇರ್ಲಿಲ್ಲ. ಎಂಜಿನ್ ಕೆಟ್ರೆ ಇಳಿಸಿ ಇನ್ನೊಂದು ಕೂರಿಸ್ತಿದ್ದ. ನೀವು ನೋಡೋ ಗಾಡೀಲಿ ಬಾಗಿಲಿಗೂ ಕಂಪ್ಯೂಟರ್ ಇದೆ,' ಅಂದ. ಭಾವ ಕಿಟಕಿಯ ಹೊರಗೆ ನೋಡಿದ.

ಮೊದಲು ನೋಡಿದ್ದು ಎಸ್ ಕ್ಲಾಸ್. ಅದು ನಮ್ಮ ಲೆಕ್ಕದಲ್ಲೇ ಇರಲಿಲ್ಲ, ದಾರಿಯಲ್ಲಿ ಸಿಕ್ಕಿತು, ಬೆಲೆ ಕೇಳಿ ಭಾವನ ಕಣ್ಣು ಅರಳಿತು. ಗಾಳಿ ತುಂಬಿದ ಸಸ್ಪೆನ್ಷನ್ನಿನ ಗಾಡಿ. ರಾತ್ರಿಯಿಡೀ ನಿಂತದ್ದಕ್ಕೆ ಮುಂದಿನ ಒಂದು ಮೂಲೆಯ ಗಾಳಿ ಸೋರಿ, ಮುಂಗಾಲು ಮಡಿಸಿದ ಕೋಣದ ಹಾಗೆ ಕೂತಿತ್ತು. ಸ್ಟಾರ್ಟ್ ಮಾಡಿದರೆ ಏಳುತ್ತೆ ಅಂದ ಮಾರುವವ. ಎದ್ದಿತು ಕೂಡಾ. ಭಾಯಿ ಬಾನೆಟ್ಟೂ ತೆಗೆಸದೆ ನಡೆದುಬಿಟ್ಟ. ಇನ್ನೊಂದು ಕಡೆ ತಮಿಳುನಾಡು ನಂಬರಿನದು ಇತ್ತು. ಅದರ ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿದ. ತುದಿಯಲ್ಲಿ ಮಣ್ಣಿನ ಗೆರೆ. ಚೆನ್ನೈನ 2015ರ ಪ್ರವಾಹ ಕುಡಿದ ಗಾಡಿಗಳು ಆಮೇಲೆ ವರ್ಷಗಟ್ಟಲೆ ಊರೂರು ತಿರುಗಿದವು. ಕಾರ್ಪೆಟ್ ತೊಳೆದು ಒಣಗಿಸುತ್ತಾರೆ, ಸೆಂಟು ಹೊಡೆಯುತ್ತಾರೆ, ಬೆಲ್ಟಿನ ಸುರುಳಿಯ ಒಳಗೆ ಕೈ ಹಾಕುವುದಿಲ್ಲ.

ನಾವು ನೋಡಲು ಹೊರಟದ್ದು ದಿಲ್ಲಿಯ ಇ 280 ಸಿಡಿಐ. 2008ರದ್ದು, ಮೂರು ಲೀಟರಿನ ವಿ6 ಡೀಸೆಲ್, ಕಪ್ಪು ಬಣ್ಣ. ಮೀಟರ್ ತೋರಿಸುತ್ತಿದ್ದದ್ದು 68,000. ಬೆಲೆ ಆರು ಲಕ್ಷ. ಭಾವ ಒಳಗೆ ಕೂತವನು ಬಾಗಿಲು ಹಾಕಿದ, ತೆಗೆದ, ಮತ್ತೆ ಹಾಕಿದ. ಆ ಶಬ್ದ ಬಂತು. ನನಗೂ ಕೇಳಿಸಿತು, ಸುಳ್ಳು ಹೇಳುವುದಿಲ್ಲ, ನನಗೂ ಒಂದು ಕ್ಷಣ ತಗೊಂಡುಬಿಡು ಅನ್ನಿಸಿತು.

ಭಾಯಿ ಮಾಡಿದ ಮೊದಲ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಟ್ಟದ್ದು. ಬಿಸಿ. ತಣ್ಣಗಿರಬೇಕು, ನಾನೇ ಸ್ಟಾರ್ಟ್ ಮಾಡಬೇಕು ಅಂತ ಹಿಂದಿನ ದಿನವೇ ಹೇಳಿದ್ದ. ತಣ್ಣನೆಯ ಡೀಸೆಲ್ ಎಂಜಿನ್ ಏಳುವಾಗ ಎಷ್ಟು ಹೊಗೆ ಬಿಡುತ್ತೆ, ಏನು ಸದ್ದು ಮಾಡುತ್ತೆ ಅನ್ನುವುದರಲ್ಲೇ ಅದರ ಅರ್ಧ ಆರೋಗ್ಯ ಗೊತ್ತಾಗುತ್ತಂತೆ. ಆಮೇಲೆ ಬಗ್ಗಿ ಬ್ರೇಕ್ ಪೆಡಲ್ ನೋಡಿದ. ರಬ್ಬರು ಹೊಚ್ಚಹೊಸದು. ಭಾವ ಅದನ್ನು ನೋಡಿ ಖುಷಿಪಟ್ಟ. ಭಾಯಿ ಮಾರುವವನನ್ನು ಮೆಲ್ಲಗೆ ಕೇಳಿದ: ಅರವತ್ತೆಂಟು ಸಾವಿರಕ್ಕೆ ಪೆಡಲ್ ರಬ್ಬರ್ ಯಾಕಣ್ಣ ಬದಲಾಯಿಸಿದ್ರು? ಅವನು ಮಾಲೀಕರು ಬಹಳ ನಾಜೂಕಿನವರು ಅಂತೇನೋ ಹೇಳಿದ. ಆ ನಾಜೂಕಿನವರ ಸೀಟಿನ ಬಲ ಅಂಚು, ಇಳಿದು ಹತ್ತುವಾಗ ಉಜ್ಜುವ ಜಾಗ, ಚರ್ಮ ಬಿರಿದು ಬಣ್ಣ ಬಳಿಸಿಕೊಂಡಿತ್ತು.

ಕೊನೆಗೆ ಸ್ಕ್ಯಾನರ್ ಚುಚ್ಚಿದ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಲ್ಯಾಪ್‌ಟಾಪ್ ಇದ್ದವನಿಗೆ ಒಂದು ಗಳಿಗೆಯ ಕೆಲಸ. ಗಾಡಿಯೊಳಗೆ ಕಂಪ್ಯೂಟರುಗಳು ಹತ್ತಾರು ಇರುತ್ತವಲ್ಲ, ಎಲ್ಲವನ್ನೂ ತಿದ್ದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಯಾವುದೋ ಹಳೆಯ ದೋಷ ದಾಖಲಾಗುವಾಗ ಅದರ ಪಕ್ಕದಲ್ಲಿ ಆಗಿನ ಕಿಲೋಮೀಟರೂ ಕೂತಿತ್ತು: 1,43,000. ಭಾಯಿ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದ, ಮಾರುವವನ ಕಡೆ ತಿರುಗಿಸಲಿಲ್ಲ. ಜಗಳ ಮಾಡುವ ಪೈಕಿ ಅವನಲ್ಲ, ನಾಳೆ ಅಲ್ಲೇ ವ್ಯಾಪಾರ ಮಾಡಬೇಕಲ್ಲ.

ಟೀ ಕುಡಿಯುವಾಗ ಭಾವ ಇನ್ನೂ ಬಿಟ್ಟಿರಲಿಲ್ಲ. ಒಂದು ಲಕ್ಷದ ನಲವತ್ಮೂರು ಆದರೇನು, ಬೆಲೆ ಆರೇ ತಾನೆ ಅಂತ ವಾದ. ಆರಲ್ಲ, ಅಂದೆ ನಾನು. ನನಗೆ ಬರುವ ಒಂದೇ ವಿದ್ಯೆ ಲೆಕ್ಕ. ಹೊರರಾಜ್ಯದ ಗಾಡಿಗೆ ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ಆಗ ನೂರಕ್ಕೆ 18ರ ದರ, ಮೇಲೆ ಸೆಸ್. ವಯಸ್ಸಿಗೆ ತಕ್ಕಂತೆ ಕಡಿತ ಇದೆ. ಆದರೆ ಲೆಕ್ಕ ಶುರುವಾಗುವುದು ನೀನು ಕೊಟ್ಟ ಆರು ಲಕ್ಷದಿಂದಲ್ಲ, ಆ ಗಾಡಿ ಹೊಸದಿದ್ದಾಗಿನ ಬೆಲೆಯಿಂದ. ಕಾಗದದ ಮೇಲೆ ಬರೆದು ತೋರಿಸಿದೆ. ಕಾರಿನ ಬೆಲೆ ಹತ್ತು ವರ್ಷದಲ್ಲಿ ಏಳನೇ ಒಂದು ಭಾಗಕ್ಕೆ ಇಳಿದಿದೆ. ತೆರಿಗೆಯವನ ಪುಸ್ತಕದಲ್ಲಿ ಅದು ಈಗಲೂ ನಲವತ್ತು ಲಕ್ಷದ ಗಾಡಿ. ಭಾಯಿ ನಡುವೆ ಬಾಯಿ ಹಾಕಿದ: 'ಸ್ಪೇರ್ ಪಾರ್ಟ್ ಅಂಗಡಿಯವನ ಪುಸ್ತಕದಲ್ಲೂ ಹಂಗೇ ಸಾರ್.' ಅವನ ಗಿರಾಕಿಗಳಲ್ಲಿ ಅರ್ಧ ಜನ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡವರು. ಮೊದಲ ದೊಡ್ಡ ಬಿಲ್ಲಿಗೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಅಂಥ ಒಂದೆರಡು ಗಾಡಿ ಅವನ ಶೆಡ್ಡಿನ ಹಿಂದೆ ಧೂಳು ತಿನ್ನುತ್ತಿದ್ದವು, ಒಂದರೊಳಗೆ ಬೆಕ್ಕು ಮರಿ ಹಾಕಿತ್ತು.

ಭಾಯಿಯೇ ಇನ್ನೊಂದು ಗಾಡಿಯ ಸುದ್ದಿ ತೆಗೆದ. ಅದೇ ಇ 280, ಅದೇ 2008. ಜಯನಗರದ ನಿವೃತ್ತ ಡಾಕ್ಟರರದ್ದು, ಕರ್ನಾಟಕದ್ದೇ ನಂಬರು, ಒಬ್ಬರೇ ಮಾಲೀಕರು. ಓಡಿದ್ದು 2,41,000. ಕೇಳುತ್ತಿರುವುದು ಆರೂವರೆ.

ಭಾವನ ಮುಖ ನೋಡಬೇಕಿತ್ತು ನೀವು. ಜಾಸ್ತಿ ಓಡಿದ್ದಕ್ಕೆ ಜಾಸ್ತಿ ಬೆಲೆಯಾ! ಊರಲ್ಲಿ ಹೇಳಿದರೆ ನಗುವುದಿಲ್ಲವೇ? ಕೋಣೆಗೆ ವಾಪಸ್ ಬಂದು ರಾತ್ರಿಯಿಡೀ ಹೊರಳಾಡಿದ. ಎರಡು ಲಕ್ಷ ಒಂದು ಓಟವಾ ಅನ್ನುತ್ತಿದ್ದ ಮನುಷ್ಯ ಇವನೇ.

ಡಾಕ್ಟರರ ಮನೆಯಲ್ಲಿ ಗಾಡಿಗಿಂತ ಮೊದಲು ಹೊರಬಂದದ್ದು ಒಂದು ದಪ್ಪ ಫೈಲು. ಮೊದಲ ಸರ್ವೀಸಿನಿಂದ ಪ್ರತಿ ಬಿಲ್ಲೂ ತಾರೀಕಿನ ಪ್ರಕಾರ. ಎಂಜಿನ್ ಆಯಿಲ್ ಯಾವಾಗ, ಗೇರ್‌ಬಾಕ್ಸ್ ಆಯಿಲ್ ಯಾವಾಗ, ಬ್ಯಾಟರಿ ಎರಡು ಸಲ. ವಾರಕ್ಕೆರಡು ಸಲ ಹಾಸನಕ್ಕೆ ರೋಗಿಗಳನ್ನು ನೋಡಲು ಹೋಗಿಬರುತ್ತಿದ್ದರಂತೆ. ಹೆದ್ದಾರಿಯ ಓಟ, ಒಂದೇ ಹದದಲ್ಲಿ. ಭಾಯಿಗೆ ಇಷ್ಟವಾದದ್ದು ಅದೇ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕುಂಟುತ್ತಾ ಅರವತ್ತು ಸಾವಿರ ಓಡಿದ ಡೀಸೆಲ್ಲಿನ ಹೊಟ್ಟೆಯಲ್ಲಿ ಮಸಿ ಕಟ್ಟಿರುತ್ತೆ, ಗೇರು ಲೆಕ್ಕವಿಲ್ಲದಷ್ಟು ಸಲ ಬಿದ್ದಿರುತ್ತೆ. ದೂರದ ಓಟದ ಗಾಡಿಗೆ ಮೈ ಬೆಚ್ಚಗಾಗಿ ಉಸಿರಾಡಲು ಸಮಯ ಸಿಕ್ಕಿರುತ್ತೆ. ಇನ್ನೊಂದು ವಿಷಯವನ್ನೂ ಅವನು ಫೈಲಿನಲ್ಲಿ ನೋಡಿಕೊಂಡ. ಈ ಮಾಡೆಲಿನ 2006ಕ್ಕಿಂತ ಹಿಂದಿನ ಗಾಡಿಗಳಲ್ಲಿ ಕರೆಂಟಿನಲ್ಲಿ ಕೆಲಸ ಮಾಡುವ ಬ್ರೇಕ್ ವ್ಯವಸ್ಥೆ ಇತ್ತು, ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಅದೇ ಎಣಿಸಿಕೊಂಡು ಒಂದು ದಿನ ಬದಲಾಯಿಸು ಅನ್ನುತ್ತಿತ್ತು. ಇದು ಆಮೇಲಿನದು, ಆ ಕಾಟ ಇಲ್ಲ.

ಬಾನೆಟ್ ತಣ್ಣಗಿತ್ತು. ಸ್ಟಾರ್ಟ್ ಆಯಿತು. ಭಾಯಿ ಟಾರ್ಚ್ ಹಿಡಿದು ಅಡಿಗೆ ನುಸುಳಿದವನು ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಬೆರಳ ತುದಿಯಲ್ಲಿ ಕಪ್ಪು ಎಣ್ಣೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಜಿನುಗುತ್ತಿದೆ ಅಂದ. ಭಾವನಿಗೆ ಅದು ಸಾಕಾಯಿತು, ಎದ್ದೇಬಿಟ್ಟ. 'ಕೂತ್ಕೊಳ್ಳಿ ಸಾರ್.' ಈ ವಿ6 ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಕೂತಿರುವುದು ಎರಡು ಸಾಲು ಸಿಲಿಂಡರುಗಳ ನಡುವಿನ ಹಳ್ಳದಲ್ಲಿ. ಅದರ ಕೆಳಗಿನ ರಬ್ಬರ್ ಸೀಲುಗಳು ಬಿಸಿಗೆ ವರ್ಷಾನುಗಟ್ಟಲೆ ಬೆಂದು ಗಡುಸಾಗುತ್ತವೆ. ಎಣ್ಣೆ ಹಿಂದಕ್ಕೆ ಹರಿದು ಕೆಳಗಿಳಿಯುತ್ತೆ. ಗೊತ್ತಿಲ್ಲದ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಬೇರೆ ಸೀಲ್ ಹಾಕಿ ದುಡ್ಡು ತಗೊಳ್ಳುತ್ತಾನೆ, ಸೋರುವುದು ನಿಲ್ಲುವುದಿಲ್ಲ. ಸೀಲಿನ ಬೆಲೆ ಏನೂ ಅಲ್ಲ. ಅದನ್ನು ಮುಟ್ಟಬೇಕಾದರೆ ಟರ್ಬೊ, ಇನ್‌ಟೇಕ್, ಮೇಲಿರುವುದೆಲ್ಲ ಬಿಚ್ಚಬೇಕು. ಕೈಕೆಲಸದ ಖರ್ಚೇ ಖರ್ಚು. ತಾನು ಮಾಡಿದರೆ ಐವತ್ತು ಸಾವಿರ ಅಂದ.

ಡಾಕ್ಟರರು ಫೈಲಿನ ಕೊನೆಯ ಹಾಳೆ ತೆಗೆದರು. ಅದೇ ಕೆಲಸಕ್ಕೆ ಹಿಂದಿನ ವರ್ಷ ಬರೆಸಿಕೊಂಡ ಅಂದಾಜು ಪಟ್ಟಿ. ಮಾಡಿಸಿರಲಿಲ್ಲ, ಮುಚ್ಚಿಟ್ಟೂ ಇರಲಿಲ್ಲ. ನನ್ನ ಮನಸ್ಸು ಅಲ್ಲೇ ತೀರ್ಮಾನವಾಗಿತ್ತು. ಸೋರದ ಗಾಡಿ ಬೇಕಾದರೆ ದಿಲ್ಲಿಯದೇ ಇತ್ತು, ಅದರ ಅಡಿಭಾಗವನ್ನು ನೀರು ಹೊಡೆದು ಮಿರಮಿರ ಮಾಡಿದ್ದರು.

ಆದರೆ ತೀರ್ಮಾನ ನನ್ನದೂ ಅಲ್ಲ, ಭಾವನದೂ ಅಲ್ಲ. ಭಾವ ಅಕ್ಕನಿಗೆ ಫೋನ್ ಮಾಡಿದ, ನಾವು ಗೇಟಿನ ಹತ್ತಿರ ನಿಂತೆವು. ಅಕ್ಕ ಶಬ್ದದ ವಿಷಯ ಕೇಳಲಿಲ್ಲ, ಕಿಲೋಮೀಟರೂ ಕೇಳಲಿಲ್ಲ. ಆನಂದಪುರದ ಹತ್ತಿರ ನಿಂತರೆ ಯಾರು ಬರ್ತಾರೆ ಅಂತ ಕೇಳಿದಳು. ಭಾವ ಫೋನನ್ನು ಭಾಯಿಯ ಕೈಗಿಟ್ಟ. ನಮಗೆ ಕೇಳಿದ್ದು ಒಂದು ಕಡೆಯ ಮಾತು. 'ಹೌದಮ್ಮ... ಬರ್ತೀನಿ, ಇಲ್ಲಾಂದ್ರೆ ಹುಡುಗನ್ನ ರಾತ್ರಿ ಬಸ್ಸಿಗೆ ಕಳಿಸ್ತೀನಿ... ಇಲ್ಲಮ್ಮ, ಸುಳ್ಳು ಯಾಕೆ, ವರ್ಷಕ್ಕೆ ಒಂದು ಲಕ್ಷ ತಿನ್ನುತ್ತೆ... ಕೆಲವು ವರ್ಷ ಎರಡೂ ತಿನ್ನುತ್ತೆ... ಗಾಡಿ ಬೆಲೆಯ ಅರ್ಧ ಪಕ್ಕಕ್ಕೆ ಇಟ್ಟಿದ್ರೆ ಮಾತ್ರ ತಗೊಳ್ಳಿ ಅಂತೀನಿ ಯಾರಿಗಾದ್ರೂ.' ಫೋನ್ ವಾಪಸ್ ಬಂತು. ಅಕ್ಕನ ತೀರ್ಪು: ಐದೂವರೆಗೆ ಕೊಟ್ಟರೆ ತಗೋ. ಇನ್ನು ಮೂರು ಲಕ್ಷ ನನ್ನ ಹೆಸರಲ್ಲಿ ಬೇರೆ ಖಾತೆಯಲ್ಲಿ ಇರಬೇಕು, ಪಾಸ್‌ಬುಕ್ ನನ್ನ ಹತ್ತಿರ.

ಡಾಕ್ಟರರು ಐದು ಮುಕ್ಕಾಲಿಗೆ ನಿಂತರು. ಇಪ್ಪತ್ತೈದು ಸಾವಿರಕ್ಕಾಗಿ ಭಾವ ಮತ್ತೆ ಫೋನ್ ಮಾಡುವ ಧೈರ್ಯ ಮಾಡಲಿಲ್ಲ, ನನ್ನ ಕಡೆ ನೋಡಿದ. ಆ ಹಣ ನನ್ನದು. ಇವತ್ತಿನವರೆಗೆ ವಾಪಸ್ ಬಂದಿಲ್ಲ, ಅಕ್ಕನಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಸೀಲ್ ಹಾಕಿಸಿಕೊಂಡೇ ಗಾಡಿ ಊರಿಗೆ ಬಂದದ್ದು, ಖಾತೆಯಿಂದ ತೆಗೆದ ಮೊದಲ ಹಣ ಅದು. ಒಂದು ಮಳೆಗಾಲದಲ್ಲಿ ತರೀಕೆರೆ ದಾಟುತ್ತಿದ್ದಾಗ ಗೇರು ಬದಲಾಗುವುದು ನಿಂತುಹೋಯಿತು, ಗೇರ್‌ಬಾಕ್ಸಿನೊಳಗಿನ ಎಲೆಕ್ಟ್ರಾನಿಕ್ ಪ್ಲೇಟು. ಭಾಯಿಯ ಹುಡುಗ ಮಾತು ತಪ್ಪದೆ ರಾತ್ರಿ ಬಸ್ಸಿಗೆ ಬಂದ. ಈಗ ಮೀಟರು ಮೂರು ಲಕ್ಷದ ಆಚೆ ಇದೆ. ಭಾವ ಮದುವೆ ಮುಂಜಿಗೆ ಮಾತ್ರ ತೆಗೆಯುತ್ತಾನೆ ಅಂದುಕೊಂಡಿದ್ದೆವು, ಸಾಗರದ ಸಂತೆಗೂ ಅದರಲ್ಲೇ ಹೋಗುತ್ತಾನೆ, ಸೊಪ್ಪು ತರುತ್ತಾನೆ. ಹೋದ ತಿಂಗಳು ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಸೋರಿತು. ಒಂದೇ ತಾನೇ ಕೆಟ್ಟದ್ದು, ಎರಡು ಯಾಕೆ ಅಂತ ಅಕ್ಕ. ಜೋಡಿಯಾಗೇ ಹಾಕಬೇಕಂತೆ ಅಂತ ಭಾವ. ಅಕ್ಕ ಅವನನ್ನು ನಂಬದೆ ತಾನೇ ಶಿವಾಜಿನಗರಕ್ಕೆ ಫೋನ್ ಮಾಡಿದಳು. ಜೋಡಿಯಾಗೇ ಹಾಕಬೇಕು ಅಂದನಂತೆ ಭಾಯಿ, ಎರಡು ಸಾವಿರ ಇಳಿಸಿಯೂ ಕೊಟ್ಟನಂತೆ.